ಅರವತ್ತರ ಬಿಲ್ಲಿನಲ್ಲಿ ನಾಲ್ಕು ರೂಪಾಯಿ

ಒಂದು ಹೋಟೆಲಿನ ಹಣೆಬರಹ ಓದಬೇಕಾದರೆ ಮಧ್ಯಾಹ್ನ ಮೂರೂವರೆಗೆ ಹೋಗಬೇಕು. ಊಟದ ಗದ್ದಲ ಮುಗಿದು, ಸಂಜೆಯ ಕಾಫಿ-ಬೋಂಡಾದ ಗಿರಾಕಿಗಳು ಇನ್ನೂ ಬಾರದ ಹೊತ್ತು ಅದು. ಒಳಗಿನವರು ಉಣ್ಣುವ ಸಮಯ. ಕೆಲವು ಕಡೆ ಮುಸುರೆ ತೊಟ್ಟಿಯ ಪಕ್ಕದಲ್ಲಿ ಖಾಲಿ ಎಣ್ಣೆ ಡಬ್ಬ ಬೋರಲು ಹಾಕಿಕೊಂಡು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ತಳದ ಅನ್ನಕ್ಕೆ ತಿಳಿಸಾರು ಸುರಿದುಕೊಂಡು ಐದು ನಿಮಿಷದಲ್ಲಿ ಮುಗಿಸಿ ಏಳುತ್ತಾರೆ. ಬೇರೆ ಕೆಲವು ಕಡೆ ಗಿರಾಕಿಗಳು ಕೂರುವ ಮೇಜಿನಲ್ಲೇ ಕೂತು, ಗಿರಾಕಿಗಳಿಗೆ ಬಡಿಸಿದ ಪಲ್ಯವನ್ನೇ ಬಡಿಸಿಕೊಂಡು, ಊರಿನ ಸುದ್ದಿ ಮಾತಾಡುತ್ತಾ ಅರ್ಧ ಗಂಟೆ ಉಣ್ಣುತ್ತಾರೆ. ಎರಡೂ ಬಗೆಯ ಹೋಟೆಲುಗಳ ಬೋರ್ಡು ಒಂದೇ ತರಹ ಹೊಳೆಯುತ್ತಿರುತ್ತದೆ, ದೋಸೆಯ ಬೆಲೆಯೂ ಹೆಚ್ಚುಕಡಿಮೆ ಒಂದೇ. ಆದರೆ ಯಾವ ಹೋಟೆಲಿನ ಸಾಂಬಾರ್ ಮುಂದಿನ ವರ್ಷವೂ ಇದೇ ರುಚಿಯಲ್ಲಿರುತ್ತದೆ ಎಂದು ಕೇಳಿದರೆ ಎರಡನೆಯದನ್ನು ತೋರಿಸಲು ನನಗೆ ಅನುಮಾನವಿಲ್ಲ.

ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಎರಡು ತಿಂಗಳು ನಾನು ಒಂದು ಹೋಟೆಲಿನಲ್ಲಿದ್ದೆ. ಮೊದಲು ಲೋಟ ತೊಳೆದೆ, ಆಮೇಲೆ ಪಾರ್ಸಲ್ ಕಟ್ಟಿದೆ. ನನ್ನ ಜೊತೆಗಿದ್ದ ಹುಡುಗನೊಬ್ಬ ಸಾಂಬಾರಿನ ಕೊಳಗ ಎತ್ತುವಾಗ ಒದ್ದೆ ನೆಲದಲ್ಲಿ ಜಾರಿದ. ಮುಂಗೈಯಿಂದ ಮೊಣಕೈವರೆಗೆ ಬೊಬ್ಬೆ ಎದ್ದಿತು. ಒಳಗಿದ್ದ ಭಟ್ಟರು ತಣ್ಣೀರು ಸುರಿದು, ತಮ್ಮ ಕೈಯ ದುಡ್ಡಿನಿಂದ ಮುಲಾಮು ತರಿಸಿದರು. ಅವನು ಮೂರು ದಿನ ಕೋಣೆಯಲ್ಲಿ ಮಲಗಿದ. ತಿಂಗಳ ಕೊನೆಗೆ ಸಂಬಳದ ಚೀಟಿಯಲ್ಲಿ ಆ ಮೂರು ದಿನದ ಕೂಲಿ ಹಿಡಿದಿದ್ದರು. ಅದರ ಕೆಳಗೆ, ಅವನು ಬಿದ್ದಾಗ ಒಡೆದ ಕಪ್ಪುಗಳ ದುಡ್ಡನ್ನೂ ಬರೆದು ಕಳೆದಿದ್ದರು. ಅವನು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ, ಯಾರಿಗೂ ಏನೂ ಹೇಳಲಿಲ್ಲ. ಮರುವಾರ ಬೆಳಿಗ್ಗೆ ನೋಡಿದರೆ ಅವನ ಟ್ರಂಕು ಇರಲಿಲ್ಲ. ಆ ಮಾಲೀಕರು ಕೆಟ್ಟವರಾಗಿರಲಿಲ್ಲ, ದೇವಸ್ಥಾನಕ್ಕೆ ಕೈಬಿಚ್ಚಿ ಕೊಡುತ್ತಿದ್ದರು. ಹುಡುಗನ ಸುಟ್ಟ ಕೈ ತಮ್ಮ ಲೆಕ್ಕದಲ್ಲಿ ಬರುವ ಖರ್ಚು ಎಂದು ಅವರಿಗೆ ಹೊಳೆದಿರಲಿಲ್ಲ, ಅಷ್ಟೆ. ಈ ಲೇಖನ ಆ ಲೆಕ್ಕದ ಬಗ್ಗೆ.

ಕನ್ನಡ ನಾಡಿನ ಹೋಟೆಲುಗಳ ಚರಿತ್ರೆಯನ್ನು ನಾವು ಮಾಲೀಕರ ಚರಿತ್ರೆಯಾಗಿ ಓದಿಕೊಂಡು ಬಂದಿದ್ದೇವೆ. ಕುಂದಾಪುರ, ಉಡುಪಿ, ಕಾರ್ಕಳದ ಕಡೆಯಿಂದ ಬರಿಗೈಯಲ್ಲಿ ಹೊರಟವರು ಮದರಾಸಿನಲ್ಲಿ, ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ ಹೆಸರು ಮಾಡಿದ ಕಥೆಗಳು ನಮಗೆ ಹೆಮ್ಮೆ. 1924ರಲ್ಲಿ ಶುರುವಾಗಿ ಮುಂದೆ ಎಂ.ಟಿ.ಆರ್. ಆದ ಹೋಟೆಲನ್ನು ಕಟ್ಟಿದ ಮಯ್ಯ ಸಹೋದರರು ಬೆಂಗಳೂರಿಗೆ ಬಂದದ್ದು ಮನೆಗಳಲ್ಲಿ ಅಡುಗೆ ಮಾಡಲು. ಮದರಾಸಿನ ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರೂ ಅಡುಗೆಮನೆಯ ಚಾಕರಿಯಿಂದಲೇ ಮೇಲೆ ಬಂದವರು. ಮಾಲೀಕರಾಗುವ ಮೊದಲು ಮಾಣಿಗಳಾಗಿದ್ದವರೇ ಹೆಚ್ಚು. ಮುಂಬಯಿಯಲ್ಲಿ ಹಗಲೆಲ್ಲ ಕ್ಯಾಂಟೀನಿನಲ್ಲಿ ಕಪ್ಪು-ಬಸಿ ತೊಳೆದ ಕರಾವಳಿಯ ಹುಡುಗರಿಗಾಗಿ ಮೊಗವೀರ, ಬಿಲ್ಲವ ಸಂಘಗಳು ರಾತ್ರಿ ಶಾಲೆಗಳನ್ನು ನಡೆಸಿದವು. ಅಲ್ಲಿ ಓದಿ ವಕೀಲರಾದವರು, ಬ್ಯಾಂಕು ಸೇರಿದವರು, ಬರಹಗಾರರಾದವರು ಉಂಟು. ರಾತ್ರಿ ಶಾಲೆ ನಡೆಯಬೇಕಾದರೆ ಹುಡುಗನನ್ನು ಸಂಜೆ ಏಳಕ್ಕೆ ಕೆಲಸದಿಂದ ಬಿಡುವ ಒಬ್ಬ ಧಣಿಯೂ ಬೇಕಲ್ಲ? ಆ ಧಣಿಯ ಹೆಸರು ಯಾವ ಶಿಲಾಫಲಕದಲ್ಲೂ ಇಲ್ಲ. ಹೋಟೆಲು ಕೆಲಸದವರನ್ನು ಚೆನ್ನಾಗಿ ನೋಡಿಕೊಳ್ಳುವುದು ಹೊರದೇಶದಿಂದ ಬಂದ ಹೊಸ ವಿಚಾರವೆಂದು ತಿಳಿದವರಿಗೆ ನಾನು ಈ ಬಿಡುವನ್ನು ನೆನಪಿಸುತ್ತೇನೆ.

ಕೆಲಸದವರೇ ಮಾಲೀಕರಾದ ಉದಾಹರಣೆಯೂ ನಮ್ಮಲ್ಲೇ ಇದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟು, ನೌಕರರು ಬೀದಿಗೆ ಬೀಳುವಂತಾದಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಒತ್ತಾಸೆಯಿಂದ ನೌಕರರು ಸಹಕಾರ ಸಂಘ ಕಟ್ಟಿಕೊಂಡು ಹೋಟೆಲುಗಳನ್ನು ತಾವೇ ವಹಿಸಿಕೊಂಡರು. ಆ ಬಗೆಯ ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಬಿಳಿ ಉಡುಪು, ತಲೆಗೆ ಪೇಟ ಸುತ್ತಿದ ಸಪ್ಲೈಯರ್ ಬಂದು ಮೇಜಿನ ಮೇಲೆ ಕಾಫಿ ಇಡುವ ಆ ಗತ್ತು, ಬೆಂಗಳೂರಿನ ಕಾಫಿ ಹೌಸು ಎಂ.ಜಿ. ರಸ್ತೆಯಿಂದ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋದ ಮೇಲೂ ಉಳಿಯಿತು. ಎಲ್ಲ ಹೋಟೆಲುಗಳೂ ಸಹಕಾರ ಸಂಘವಾಗಲಿ ಎಂದು ನಾನು ಹೇಳುತ್ತಿಲ್ಲ. ಅದರ ಕಷ್ಟಗಳು ಬೇರೆ. ಆದರೆ ಆರು ದಶಕ ದಾಟಿಯೂ ಅದು ನಡೆದಿದೆ ಎಂಬುದು, ಕೆಲಸದವರಿಗೆ ಸಲುಗೆ ಕೊಟ್ಟರೆ ಹೋಟೆಲು ಮುಳುಗುತ್ತದೆ ಎನ್ನುವ ಮಾತಿಗೆ ಸಾಕಷ್ಟು ಉತ್ತರ.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಬೆಂಗಳೂರಿನ ಹೋಟೆಲುಗಳ ರೂಪವೇ ಬದಲಾಯಿತು. ಟೋಕನ್ ತಗೊಂಡು, ಕೌಂಟರಿನಲ್ಲಿ ತಟ್ಟೆ ಇಸಿದುಕೊಂಡು, ನಿಂತೇ ತಿಂದು ಹೋಗುವ ಪದ್ಧತಿ. ಸಪ್ಲೈಯರ್ ಇಲ್ಲ, ಮೇಜು ಕಡಿಮೆ, ಜಾಗ ಚಿಕ್ಕದು, ಹಾಗಾಗಿ ಬೆಲೆಯೂ ಕಡಿಮೆ. ಬಡವರೂ ಮಧ್ಯಮ ವರ್ಗದವರೂ ಒಂದೇ ಕಟ್ಟೆಗೆ ಒರಗಿ ಬಿಸಿ ಇಡ್ಲಿ ತಿನ್ನುವಂತಾದದ್ದು ದೊಡ್ಡ ಸಂಗತಿ. ಆದರೆ ಗಿರಾಕಿ ಹತ್ತು ನಿಮಿಷ ನಿಂತು ಹೋಗುತ್ತಾನೆ, ಕೌಂಟರಿನ ಆಚೆಗಿರುವವನು ಹತ್ತು ಗಂಟೆ ನಿಂತಿರುತ್ತಾನೆ.

ದೋಸೆ ಕಲ್ಲಿನ ಮುಂದೆ ನಿಂತ ಭಟ್ಟರನ್ನು ಒಮ್ಮೆ ಗಮನವಿಟ್ಟು ನೋಡಿ. ನೀರು ಚಿಮುಕಿಸಿ, ತೆಂಗಿನ ಕಡ್ಡಿ ಪೊರಕೆಯಿಂದ ಕಲ್ಲು ಗುಡಿಸುತ್ತಾರೆ. ಚುಯ್ ಎಂದ ಸದ್ದು ಕೇಳಿಯೇ ಕಾವು ಎಷ್ಟಿದೆಯೆಂದು ಅವರಿಗೆ ಗೊತ್ತಾಗುತ್ತದೆ. ಕೆಲವೊಮ್ಮೆ ಉರಿ ತಗ್ಗಿಸುತ್ತಾರೆ, ಕೆಲವೊಮ್ಮೆ ಇನ್ನೊಮ್ಮೆ ನೀರು ಹೊಡೆಯುತ್ತಾರೆ. ಸಾಲಾಗಿ ಹಿಟ್ಟು ಹುಯ್ದು, ಬಟ್ಟಲಿನ ತಳದಿಂದ ಸುತ್ತು ಹಾಕಿ, ಕೊನೆಯ ದೋಸೆ ಹುಯ್ಯುವಷ್ಟರಲ್ಲಿ ಮೊದಲನೆಯದರ ಅಂಚು ಏಳುತ್ತದೆ. ಇವತ್ತಿನ ಹಿಟ್ಟು ಹುಳಿ ಬಂದದ್ದು ನಿನ್ನೆಯಷ್ಟೇ ಅಲ್ಲ, ಮಳೆ ಬಂದರೆ ಒಂದು ತರಹ, ಸೆಕೆಯಾದರೆ ಇನ್ನೊಂದು ತರಹ. ಅದಕ್ಕೆ ತಕ್ಕ ಹಾಗೆ ಕೈ ತಾನಾಗಿ ಬದಲಾಗುತ್ತದೆ. ಈ ಕೈಯನ್ನು ಪುಸ್ತಕದಲ್ಲಿ ಬರೆದಿಡಲು ಆಗುವುದಿಲ್ಲ. ಈ ಭಟ್ಟರು ಎಂಟು ತಿಂಗಳಿಗೆ ಬಿಟ್ಟು ಹೋದರೆ ಮಾಲೀಕ ಕಳೆದುಕೊಳ್ಳುವುದು ಕೈರುಚಿಯನ್ನು. ಹೊಸಬ ಬಂದು ಕಲ್ಲಿಗೆ ಹೊಂದಿಕೊಳ್ಳುವವರೆಗೆ ಸುಟ್ಟ ದೋಸೆಗಳು, ಚೆಲ್ಲಿದ ಹಿಟ್ಟು, ಯಾಕೋ ಈಚೆಗೆ ಮೊದಲಿನ ಹಾಗಿಲ್ಲ ಎಂದು ಮೆಲ್ಲಗೆ ಬೇರೆ ಕಡೆ ಹೋಗುವ ಗಿರಾಕಿಗಳು. ಈ ನಷ್ಟವನ್ನು ಬರೆಯಲು ದಿನವಹಿ ಪುಸ್ತಕದಲ್ಲಿ ಅಂಕಣವೇ ಇಲ್ಲ. ಆದ್ದರಿಂದಲೇ ಅದು ಮಾಲೀಕರ ಕಣ್ಣಿಗೆ ಬೀಳುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು. ನಿಮ್ಮ ಊರಿಗೆ ತಕ್ಕ ಹಾಗೆ ಹಿಗ್ಗಿಸಿ ಕುಗ್ಗಿಸಿಕೊಳ್ಳಬಹುದು. ಒಂದು ಚಿಕ್ಕ ಹೋಟೆಲು. ದಿನಕ್ಕೆ 500 ಬಿಲ್ಲು, ಸರಾಸರಿ 60 ರೂಪಾಯಿ. ತೆರಿಗೆ ಬಿಟ್ಟು ದಿನದ ವ್ಯಾಪಾರ 30,000, ತಿಂಗಳಿಗೆ 9 ಲಕ್ಷ. ಅಕ್ಕಿ, ಬೇಳೆ, ಹಾಲು, ತರಕಾರಿ, ಎಣ್ಣೆಗೆ ಮೂರೂವರೆ ಲಕ್ಷ ಹೋಯಿತು ಎನ್ನಿ. ಬಾಡಿಗೆ 1 ಲಕ್ಷ. ಗ್ಯಾಸು, ಕರೆಂಟು, ನೀರಿಗೆ 80,000. ರಿಪೇರಿ ಮತ್ತಿತರ ಚಿಲ್ಲರೆಗೆ 40,000. ದಿನಕ್ಕೆ 12 ಮಂದಿ ಬೇಕು. ತಲಾ 18,000 ರೂಪಾಯಿಯಂತೆ ಸಂಬಳ 2,16,000. ಎಲ್ಲ ಕಳೆದರೆ ಮಾಲೀಕನಿಗೆ ಉಳಿಯುವುದು 1,14,000.

ಇಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಈ 12 ಮಂದಿಗೆ ವಾರದ ರಜೆ ಇಲ್ಲ. ತಿಂಗಳಿಗೆ ಮೂವತ್ತು ದಿನವೂ ದುಡಿದು, ವರ್ಷಕ್ಕೊಮ್ಮೆ ಹಬ್ಬಕ್ಕೋ ಕೋಲಕ್ಕೋ ಊರಿಗೆ ಹೋಗಿ ಬರುತ್ತಾರೆ. ಹೋದವರಲ್ಲಿ ಕೆಲವರು ಬರುವುದೇ ಇಲ್ಲ. ಪ್ರತಿಯೊಬ್ಬರಿಗೂ ವಾರಕ್ಕೊಂದು ದಿನ ರಜೆ ಕೊಡಬೇಕಾದರೆ 12 ಜನರ ಕೆಲಸಕ್ಕೆ 14 ಜನ ಬೇಕು. ವಾರಕ್ಕೆ 84 ಪಾಳಿ, ಒಬ್ಬರಿಗೆ ಆರು. ಹೆಚ್ಚುವರಿ ಇಬ್ಬರ ಸಂಬಳ 36,000. ಮಾಲೀಕ ಅದನ್ನು ತನ್ನ ಉಳಿಕೆಯಿಂದಲೇ ಕೊಟ್ಟರೆ ಅವನ 1,14,000 ಇಳಿದು 78,000 ಆಗುತ್ತದೆ. ಮೂರರಲ್ಲಿ ಒಂದು ಪಾಲು ಹೋಯಿತು. ಸಾಲದ ಕಂತು ಕಟ್ಟುತ್ತಿರುವವನು ಇದನ್ನು ನೋಡಿ ಗಾಬರಿಯಾದರೆ ಅವನನ್ನು ಜಿಪುಣ ಎನ್ನಲಾರೆ. ಆದರೆ ಅದೇ 36,000ವನ್ನು ಬಿಲ್ಲುಗಳಿಗೆ ಹಂಚಿ. ದಿನಕ್ಕೆ 1,200. ಬಿಲ್ಲಿಗೆ ಎರಡು ರೂಪಾಯಿ ನಲವತ್ತು ಪೈಸೆ. ಹದಿನಾಲ್ಕು ಜನರ ವಾರದ ರಜೆಯ ಬೆಲೆ, ತಿನ್ನುವ ಒಬ್ಬೊಬ್ಬರಿಗೂ ಇಷ್ಟು.

ಮುಂದಿನದು ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಹೋಟೆಲುಗಳಿಗೆ ಇದು ಅನ್ವಯ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇದರೊಳಗೆ ಬರುತ್ತಾರೆ. ಮಾಲೀಕ ಸಂಬಳದ ಶೇ 3.25 ಕಟ್ಟಬೇಕು, ಕೆಲಸದವನ ಪಾಲು ಶೇ 0.75. ನಮ್ಮ ಲೆಕ್ಕದಲ್ಲಿ ಮಾಲೀಕನದು ಒಬ್ಬರಿಗೆ 585 ರೂಪಾಯಿ, 14 ಜನಕ್ಕೆ 8,190. ಬಿಲ್ಲಿಗೆ ಐವತ್ತೈದು ಪೈಸೆ. ಇದಕ್ಕೆ ಪ್ರತಿಯಾಗಿ ಕೆಲಸದವನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆ ಸಿಗುತ್ತದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70 ಬರುತ್ತದೆ. ಕೆಲಸದಲ್ಲಿ ಪೆಟ್ಟಾಗಿ ಮಲಗಿದರೆ ಶೇ 90. ನನ್ನ ಜೊತೆಗಿದ್ದ ಆ ಹುಡುಗನ ಸುಟ್ಟ ಕೈಗೆ ಸಿಗಬೇಕಾಗಿದ್ದದ್ದು ಇಂಥದ್ದು. ಸಿಕ್ಕಿದ್ದು ಕಪ್ಪಿನ ದಂಡ.

ಗ್ರಾಚ್ಯುಟಿಯ ವಿಷಯ ಇನ್ನೂ ಕಡಿಮೆ ಜನಕ್ಕೆ ಗೊತ್ತು. ಐದು ವರ್ಷ ಬಿಡದೆ ದುಡಿದವನಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ, ತಿಂಗಳಿಗೆ 26 ದಿನವೆಂದು ಎಣಿಸಿ ಕೊಡಬೇಕೆಂದು 1972ರ ಕಾನೂನು ಹೇಳಿತು. 18,000ದ ಸಂಬಳಕ್ಕೆ ಅದು ವರ್ಷಕ್ಕೆ ಸುಮಾರು 10,384 ರೂಪಾಯಿ. ಐದು ವರ್ಷಕ್ಕೆ ಐವತ್ತು ಸಾವಿರ ದಾಟುತ್ತದೆ. ಮನೆಗೆ ಹೆಂಚು ಹೊದಿಸಲು, ತಂಗಿಯ ಮದುವೆಗೆ ಬಟ್ಟೆ ತೆಗೆಯಲು ಸಾಲುವ ದುಡ್ಡು. ಒಮ್ಮೆಲೇ ಕೊಡುವುದು ಭಾರವೆಂದು ಅನೇಕರು ನಾಲ್ಕೂವರೆ ವರ್ಷಕ್ಕೇ ಲೆಕ್ಕ ಚುಕ್ತಾ ಮಾಡಿ, ಮತ್ತೆ ಹೊಸದಾಗಿ ಸೇರಿಸಿಕೊಂಡ ಹಾಗೆ ಬರೆಯುತ್ತಾರೆ. ಇದು ಮೋಸ. ಇದಕ್ಕೆ ಮೆತ್ತಗಿನ ಬೇರೆ ಹೆಸರು ಹುಡುಕುವುದು ಬೇಡ. ತಿಂಗಳು ತಿಂಗಳು ಬೇರೆ ಖಾತೆಗೆ ತೆಗೆದಿಟ್ಟರೆ ನಮ್ಮ ಹೋಟೆಲಿಗೆ 12,000 ಚಿಲ್ಲರೆ ಬೀಳುತ್ತದೆ, ಬಿಲ್ಲಿಗೆ ಎಂಬತ್ತೊಂದು ಪೈಸೆ. ಮೂರನ್ನೂ ಕೂಡಿಸಿ: ಮೂರು ರೂಪಾಯಿ ಎಪ್ಪತ್ತಾರು ಪೈಸೆ. ಅರವತ್ತರ ಬಿಲ್ಲು ಅರವತ್ತನಾಲ್ಕಾಗುತ್ತದೆ.

ಪಕ್ಕದ ಹೋಟೆಲಿನವನು ಅರವತ್ತಕ್ಕೇ ಕೊಟ್ಟರೆ ಗಿರಾಕಿ ಅಲ್ಲಿಗೆ ಹೋಗುವುದಿಲ್ಲವೇ ಎಂದು ಯಾವ ಮಾಲೀಕರಾದರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕೆಲವರು ಹೋಗುತ್ತಾರೆ. ಆದ್ದರಿಂದಲೇ ಈ ನಾಲ್ಕು ರೂಪಾಯಿಯನ್ನು ಹೋಟೆಲು ತೆರೆಯುವ ಮೊದಲ ದಿನವೇ ಬೆಲೆಪಟ್ಟಿಯೊಳಗೆ ಸೇರಿಸಬೇಕು. ಮೊದಲು ಕಡಿಮೆ ಬೆಲೆಗೆ ಜನ ಸೇರಿಸೋಣ, ಲಾಭ ಬಂದ ಮೇಲೆ ಹುಡುಗರಿಗೆ ಏನಾದರೂ ಮಾಡೋಣ ಎಂದುಕೊಂಡವರಿಗೆ ಆ ಮೇಲೆ ಎನ್ನುವುದು ಬರುವುದೇ ಇಲ್ಲ. ಬೆಲೆ ಒಮ್ಮೆ ಗಿರಾಕಿಯ ನಾಲಗೆಗೆ ಅಂಟಿದರೆ ಬಿಡಿಸುವುದು ಕಷ್ಟ. ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯದೆ ದೋಸೆಯ ಬೆಲೆ ಬರೆಯುವವರು ಯಾರೂ ಇಲ್ಲ. ರಜೆಯನ್ನೂ ಬಾಡಿಗೆಯ ಸಾಲಿನಲ್ಲೇ ಬರೆಯಬೇಕು.

ಕಾನೂನು ಹೇಳುವುದು ಇದಕ್ಕಿಂತ ಬೇರೆಯಲ್ಲ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ ದಿನಕ್ಕೆ ಒಂಬತ್ತು, ವಾರಕ್ಕೆ ನಲವತ್ತೆಂಟು ಗಂಟೆಯ ಮಿತಿ ಹಾಕಿತು. ಮೀರಿದ ಹೊತ್ತಿಗೆ ಎರಡರಷ್ಟು ಕೂಲಿ, ವಾರಕ್ಕೊಂದು ರಜೆ ಎಂದಿತು. ಅರವತ್ತು ವರ್ಷದ ಹಳೆಯ ಮಾತು. ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು 2006ರ ಅಕ್ಟೋಬರಿನಿಂದ ನಿಷೇಧಿಸಲಾಯಿತು. ಆಗಲೂ ಮಕ್ಕಳಿಲ್ಲದೆ ಹೋಟೆಲು ನಡೆಯುವುದು ಹೇಗೆ ಎಂದವರಿದ್ದರು. ನಡೆಯಿತು.

ಹೋಟೆಲಿನ ಕಷ್ಟದಲ್ಲಿ ಬಹಳಷ್ಟು ಇರುವುದು 'ಬ್ರೇಕ್' ಎಂಬ ಪದದಲ್ಲಿ. ಬೆಳಿಗ್ಗೆ ಐದೂವರೆಗೆ ಇಳಿದವನನ್ನು ಹನ್ನೊಂದಕ್ಕೆ ಬಿಡುತ್ತಾರೆ, ನಾಲ್ಕಕ್ಕೆ ಮತ್ತೆ ಇಳಿದರೆ ರಾತ್ರಿ ಹತ್ತು. ಕಾಗದದಲ್ಲಿ ಹನ್ನೊಂದೂವರೆ ಗಂಟೆಯ ಕೆಲಸ, ಆದರೆ ದಿನ ಪೂರ್ತಿ ಹೋಟೆಲಿನದೇ. ನಡುವಿನ ಐದು ಗಂಟೆಯಲ್ಲಿ ಊರೂ ಇಲ್ಲ, ಮನೆಯೂ ಇಲ್ಲ. ಮೇಲಿನ ಸ್ಟಾಫ್ ರೂಮಿನಲ್ಲಿ ತಗಡಿನ ಸೂರಿನ ಕೆಳಗೆ ಬೆವರುತ್ತಾ ಬಿದ್ದುಕೊಳ್ಳುವುದಷ್ಟೆ. ಬೆಳಗಿನ ಪಾಳಿಯವರು ಮಧ್ಯಾಹ್ನ ಎರಡಕ್ಕೆ ಪೂರ್ತಿ ಬಿಡುಗಡೆ, ಮಧ್ಯಾಹ್ನದವರು ರಾತ್ರಿಯವರೆಗೆ ಎಂದು ಎರಡು ಪಾಳಿ ಮಾಡಿದ ಹೋಟೆಲುಗಳನ್ನು ನಾನು ಕಂಡಿದ್ದೇನೆ. ಒಬ್ಬಿಬ್ಬರು ಹೆಚ್ಚು ಬೇಕಾಗುತ್ತದೆ, ನಿಜ. ಆದರೆ ಮದುವೆಯಾಗಿ ಸಂಸಾರದ ಜೊತೆ ಊರಿನಲ್ಲೇ ಮನೆ ಮಾಡಿಕೊಂಡವರು ಕೆಲಸಕ್ಕೆ ಸಿಗುವುದು ಅಂಥ ಕಡೆ ಮಾತ್ರ. ಹೆಂಗಸರು ದುಡಿಯಲು ಒಪ್ಪುವುದೂ ಅಲ್ಲೇ.

ಕೂರುವುದಕ್ಕೂ ಕಾನೂನು ಬೇಕಾಯಿತು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ವ್ಯವಸ್ಥೆ ಇರಲೇಬೇಕೆಂದು ಕಾನೂನು ತಿದ್ದಿದವು. ಪಾರ್ಸಲ್ ಕೌಂಟರಿನ ಹಿಂದೆ ಒಂದು ಸ್ಟೂಲು ಇಡಲು ವಿಧಾನಸಭೆ ಕೂಡಬೇಕೆ? ನಿಂತೂ ನಿಂತೂ ಕಾಲಿನ ನರ ಗಂಟು ಕಟ್ಟಿ ನೀಲಿಯಾದ ಕಾಫಿ ಮಾಸ್ಟರುಗಳನ್ನು ಹೋಟೆಲಿನವರೆಲ್ಲ ನೋಡಿದ್ದಾರೆ.

ಈಗ ಒಳಗೆ ಕುಂದಾಪ್ರ ಕನ್ನಡ ಕೇಳಿಸುವುದು ಅಪರೂಪ. ಒಡಿಶಾ, ಅಸ್ಸಾಂ, ಬಂಗಾಳ, ಬಿಹಾರ, ನೇಪಾಳದ ಹುಡುಗರು, ಜೊತೆಗೆ ನಮ್ಮ ಉತ್ತರ ಕರ್ನಾಟಕದವರು. 2020ರ ಲಾಕ್‌ಡೌನಿನಲ್ಲಿ ಇವರು ಗಂಟುಮೂಟೆ ಕಟ್ಟಿಕೊಂಡು ಹೊರಟಾಗ, ಎಷ್ಟೋ ಮಾಲೀಕರಿಗೆ ತಮ್ಮ ಹೋಟೆಲು ನಡೆಸುತ್ತಿದ್ದವರು ಯಾರೆಂದು ಮೊದಲ ಸಲ ಗೊತ್ತಾಯಿತು. ಮುಚ್ಚಿದ ತಿಂಗಳುಗಳಲ್ಲೂ ಅಕ್ಕಿ-ಬೇಳೆ ಕೊಟ್ಟು ರೂಮಿನಲ್ಲಿ ಇಟ್ಟುಕೊಂಡವರಿಗೆ, ಊರಿಗೆ ಹೋದವರಿಗೂ ಅಷ್ಟಿಷ್ಟು ಕಳಿಸಿದವರಿಗೆ, ಬಾಗಿಲು ತೆರೆದ ದಿನ ಕೈಗಳು ವಾಪಸು ಬಂದವು. ಅಂಥ ಒಬ್ಬ ಮಾಲೀಕರು ಒಡಿಯಾ ಹುಡುಗರಿಗೆ ಸಂಜೆ ಹೊತ್ತು ಕನ್ನಡ ಅಕ್ಷರ ಬರೆಸುವುದನ್ನು ನೋಡಿದ್ದೇನೆ. ಟೋಕನ್ ಓದಲು ಬೇಕು ಎಂದು ಶುರುವಾದದ್ದು. ಈಗ ಅವರಲ್ಲೊಬ್ಬ ಬಸ್ಸಿನ ಬೋರ್ಡು ಓದುತ್ತಾನೆ, ಮಾಲೀಕರನ್ನು 'ಅಣ್ಣ' ಎನ್ನುತ್ತಾನೆ. ಅವರೂ ಅವನನ್ನು ಹೆಸರು ಹಿಡಿದೇ ಕರೆಯುತ್ತಾರೆ. 'ಏ ಹುಡ್ಗ' ಎಂಬ ಮಾತು ಆ ಅಡುಗೆಮನೆಯಲ್ಲಿ ಕೇಳಲಿಲ್ಲ.

ಅಡ್ವಾನ್ಸ್ ಬಗ್ಗೆ ಒಂದು ಎಚ್ಚರಿಕೆ. ಊರಿನಲ್ಲಿ ಕಷ್ಟ ಎಂದಾಗ ಮುಂಗಡ ಕೊಡುವುದು ಉಪಕಾರವೇ. ಅದೇ ಅಡ್ವಾನ್ಸನ್ನು ಹಿಡಿದುಕೊಂಡು, ತೀರುವವರೆಗೆ ಬಿಡಲಾಗದು ಎಂದು ಕಟ್ಟಿಹಾಕಿದರೆ ಅದು ಜೀತ. 1976ರ ಕಾನೂನು ದೇಶದಲ್ಲಿ ಜೀತವನ್ನು ನಿಷೇಧಿಸಿದೆ. ಕೊಟ್ಟದ್ದನ್ನು ಬರೆದಿಟ್ಟು, ತಿಂಗಳಿಗೆ ಎಷ್ಟು ಹಿಡಿಯುವುದೆಂದು ಮೊದಲೇ ಮಾತಾಡಿಕೊಂಡು, ಬಿಟ್ಟು ಹೋಗುತ್ತೇನೆ ಎಂದವನ ಆಧಾರ್ ಕಾರ್ಡನ್ನು ಗಲ್ಲಾಪೆಟ್ಟಿಗೆಯಲ್ಲಿ ಅಡವಿಡದಿದ್ದರೆ ಸಾಕು.

ಟಿಪ್ಸಿನದು ಹೊಸ ಸಮಸ್ಯೆ. ಮೊದಲು ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಜೊತೆ ಐದೋ ಹತ್ತೋ ಉಳಿಯುತ್ತಿತ್ತು. ಈಗ ಎಲ್ಲರೂ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿಯುತ್ತಾರೆ, ದುಡ್ಡು ನೇರ ಮಾಲೀಕರ ಖಾತೆಗೆ. ಬಿಲ್ಲಿಗೆ ಸೇವಾ ಶುಲ್ಕವನ್ನು ತಾನಾಗಿ ಸೇರಿಸಕೂಡದೆಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, ದೆಹಲಿ ಹೈಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಸರಿಯಾದ ತೀರ್ಮಾನವೆಂದೇ ನನ್ನ ಭಾವನೆ. ಕೆಲಸದವನ ಕೂಲಿ ದೋಸೆಯ ಬೆಲೆಯೊಳಗೇ ಇರಬೇಕು, ಗಿರಾಕಿಯ ಮರ್ಜಿಯಲ್ಲಿ ಅಲ್ಲ. ಆದರೂ ಖುಷಿಯಿಂದ ಕೊಡುವವರಿಗಾಗಿ ಗಲ್ಲಾದ ಪಕ್ಕ ಒಂದು ಡಬ್ಬ ಇರಲಿ. ಶನಿವಾರ ರಾತ್ರಿ ಎಲ್ಲರ ಎದುರೇ ಅದನ್ನು ಎಣಿಸಿ ಹಂಚಲಿ, ಮುಸುರೆ ತೊಳೆಯುವವರಿಗೂ ಸಮನಾದ ಪಾಲು ಸಿಗಲಿ. ತಟ್ಟೆ ಸ್ವಚ್ಛವಾಗಿದ್ದರಿಂದಲೇ ಗಿರಾಕಿ ಕೂತದ್ದು.

ನಾಳೆಯೋ ನಾಡಿದ್ದೋ ನಿಮ್ಮ ಬೀದಿಯ ಹೋಟೆಲಿನಲ್ಲಿ ಬೆಲೆಪಟ್ಟಿ ಬದಲಾಗಿ, ಇಡ್ಲಿ-ಕಾಫಿಗೆ ನಾಲ್ಕು ರೂಪಾಯಿ ಹೆಚ್ಚಾದದ್ದು ಕಂಡರೆ, ಗಲ್ಲಾದ ಮುಂದೆ ತಕರಾರು ತೆಗೆಯುವ ಮುನ್ನ ಮಾಲೀಕರನ್ನು ಒಂದೇ ಒಂದು ಪ್ರಶ್ನೆ ಕೇಳಿ: "ನಿಮ್ಮ ದೋಸೆ ಭಟ್ರಿಗೆ ವಾರದ ರಜೆ ಯಾವತ್ತು?" ಅವರು ತಡವರಿಸದೆ ಒಂದು ವಾರದ ಹೆಸರು ಹೇಳಿದರೆ, ಆ ನಾಲ್ಕು ರೂಪಾಯಿ ಕೊಟ್ಟು ಬನ್ನಿ.